ಲಾಲಿ ಅಲ್ಲ, ಲಾಳಿ

ಹಾಜರಿ ಕೂಗೋವಾಗ ಹಿರೇಗೌಡ್ರ ಟೀಚರು
ನನ್ನ ಹೆಸರಿನ ಹತ್ರ ಬಂದು ಕನ್ನಡಕ ಏರಿಸ್ತಿದ್ರು.
‘ಲಾಲಿ?’
‘ಲಾಳಿ ರೀ.’
‘ಅದ ಹೇಳಿದ್ನೆಲ್ಲಾ, ಲಾಲಿ.’
ಹಿಂದಿನ ಬೆಂಚಿನ್ಯಾಗ ಯಾವನೋ ಹಾರ್ನ್ ಹೊಡದ:
‘ಲಾರಿ ಬಂತ್ರಲೇ, ಬದಿಗೆ ಸರೀರಿ!’
ಅವತ್ತಿನಿಂದ ಏಳನೇತ್ತ ಮುಗಿಯೋತನಕ
ನಾನು ಹುಬ್ಬಳ್ಳಿ ಹಾದಿಯ ಹತ್ತು ಗಾಲಿಯ ಲಾರಿ.

ವರ್ಗದಾಗ ಇಬ್ಬರು ಸುಜಾತಾ, ಮೂವರು ವಿಜಯಲಕ್ಷ್ಮಿ.
ಸ್ಟೇಶನ್ ರೋಡಿನ ಅಂಗಡಿಯೊಳಗ
ಅವರ ಹೆಸರಿನ ಕೀಚೈನು ಸಾಲಾಗಿ ತೂಗತಿದ್ವು.
ನನ್ನ ಹೆಸರು ಸಿಗತಿದ್ದದ್ದು ಒಂದ ಕಡೆ,
ಬೆಟಗೇರಿಯ ನಮ್ಮ ಮನಿ ಮಗ್ಗದ ಕುಣಿಯೊಳಗ,
ಅಪ್ಪನ ಎರಡು ಕೈ ನಡುವ.

‘ಯಾಕಿಟ್ರಿ ಈ ಹೆಸರ?’ ಅಂದ್ರ
ಅವ್ವ ರಾಟಿ ನಿಲ್ಲಸದ ಹೇಳತಿದ್ಲು:
‘ನೀ ಹುಟ್ಟಿದಾಗ ನಿಮ್ಮಪ್ಪ ಅರ್ಧ ಸೀರಿಯೊಳಗಿದ್ದ.
ಸೂಲಗಿತ್ತಿ ಬಂದು ಹೆಣ್ಣು ಅಂದ್ಲು.
ಏನಂತ ಕರಿಯೋಣು ಅಂದ್ಲು.
ಕೈಯಾಗ ಇದ್ದದ್ದನ್ನ ಒಮ್ಮೆ ನೋಡಿದ.
ಪುಣ್ಯಾ ಮಾಡಿದಿ ತಿಳಿ,
ಅವನ ಕೈಯಾಗ ಆವಾಗ ಕಂಡಕಿ ಇರಲಿಲ್ಲ.’

ಹತ್ತೊಂಬತ್ತು ತುಂಬಿದ ವಾರ ಹುಬ್ಬಳ್ಳಿಗೆ ಹೋದೆ.
ಪ್ಯಾಸೆಂಜರ್ ರೈಲು. ಅಣ್ಣಿಗೇರಿತನಕ ನಾನು ಲಾಳಿ,
ಕುಸುಗಲ್ಲ ದಾಟಿದ ಮ್ಯಾಲೆ ಲಾವಣ್ಯ,
ಕಿಟಕಿಗೆ ಮುಖಾ ಕೊಟ್ಟು ಅಂದು ಅಂದು ನೋಡಿದೆ.
ಕೋರ್ಟಿನ ಮುಂದ ಬೇವಿನ ಗಿಡದ ಕೆಳಗ
ಟೈಪ್ ಮಾಡಾವ ಬಾಂಡ್ ಪೇಪರ್ ಏರಿಸಿದ.
ಒಂದ ಸಲಕ್ಕ ಹೆಸರು ಸರಿ ಕೇಳಿಸಿಕೊಂಡವ ಅವನೊಬ್ಬನ.
ಮ್ಯಾಲಿನ ಎರಡು ಸಾಲು ಹೊಡದು ಕತ್ತು ಎತ್ತಿದ:
‘ಬದಲಿ ಮಾಡಾಕ ಕಾರಣ?’

ಕಾರಣ.
ಲಾರಿ ಅಂತ ಬರಸಲೇನು? ಕೀಚೈನು?
ಬಾಜೂ ಟೇಬಲ್ಲಿನ ಮಶಿನ್ನು
ಈ ಕಡಿಯಿಂದ ಆ ಕಡಿಗೆ ಸರೀತಿತ್ತು,
ತುದಿ ಮುಟ್ಟಿ ಟಣ್ ಅಂದು
ಮತ್ತ ಹಿಂದಕ್ಕ ಬರತಿತ್ತು.
‘ನಾಳೆ ಬರತೀನ್ರೀ’ ಅಂದೆ.
ರೊಕ್ಕಾ ಕೊಟ್ಟು, ಹಾಳಿ ಮಡಚಿಕೊಂಡು ಮನಿಗೆ ಬಂದೆ.
ಪ್ರೀತಿ ಹುಟ್ಟಿತ್ತು ಅಂದ್ರ ಸುಳ್ಳು. ಅಂಜಿಕಿ, ಅಷ್ಟ.

ಮಗ್ಗ ಹೋದದ್ದು ಒಂದು ಮಂಗಳವಾರ.
ಕಟ್ಟಿಗಿ ಅಡ್ಡೆಯವ ತೂಕಾ ಮಾಡಿ ಒಯ್ದ.
ಕುಣಿ ಮುಚ್ಚಿ ಸಿಮೆಂಟ್ ಮಾಡಿಸಿದ್ವಿ,
ಅದರ ಮ್ಯಾಲೆ ಈಗ ಫ್ರಿಜ್ಜು ನಿಂತದ,
ರಾತ್ರಿ ಆಗಾಗ ಗುರ್ ಅಂತದ.
ಲಾಳಿ ಹನ್ನೊಂದಿದ್ವು. ನೀರೊಲಿಗೆ ಹೋದವು.
ಎಣ್ಣಿ ಕುಡದ ಕಟ್ಟಿಗಿ, ಚಲೋ ಉರದವು.
ಆ ಸುಡು ನೀರಾಗ ತಲಿ ತೊಳಕೊಂಡಾಕಿ ನಾನ.

ಅಪ್ಪಗ ಈಗ ಕಿವಿ ಕೇಳಸಂಗಿಲ್ಲ.
ಮಗ್ಗದ ಮಾತು ಒಂದೊಂದ ಉದುರಿ ಹೋದವು.
‘ಫಣಿ ಅಂದ್ರೇನಜ್ಜಾ?’ ನನ್ನ ಮಗ ಕೈಸನ್ನಿ ಮಾಡಿ ಕೇಳಿದ್ರ
ಸುಮ್ಮನ ನಗತಾನ.
ಆದ್ರ ಸಂಜಿಮುಂದ ಬಾಗಲದಾಗ ಕುರ್ಚಿ ಹಾಕ್ಕೊಂಡು
ಓಣಿಗೆಲ್ಲಾ ಕೇಳೂವಂಗ ಕೂಗತಾನ,
‘ಲಾಳೀ...’
ಕೂಗಿದಾಗ ಬಲಗೈ ಒಂದೀಟು ಜಗ್ಗತದ,
ಎಡಗೈ ಬೊಗಸಿಯಾಗಿ ಕಾಯತದ.
ಅವನಿಗೆ ಬೇಕಾಗಿದ್ದು ಅರ್ಧ ಕಪ್ಪು ಚಾ.
ಅಡಗಿಮನಿಯಿಂದ ಪಡಸಾಲಿಗೆ,
ಪಡಸಾಲಿಯಿಂದ ಅಡಗಿಮನಿಗೆ.
ಸಕ್ರಿ ಕಮ್ಮಿ ಅಂತಾನ. ಮತ್ತೊಮ್ಮೆ.

ಬ್ಯಾಂಕಿನ್ಯಾಗ ಹೊಸಾ ಹುಡುಗ ಬಂದಾನ, ಬಿಹಾರದಾವ.
‘ಲಾಲಿ ಮೇಡಂ.’
‘ಳ, ತಮ್ಮಾ. ನಾಲಿಗಿ ತುದಿ ಮ್ಯಾಲಕ್ಕ ಮಡಚು.’
ಮೂರು ಸಲ ಮಡಚಿದ, ಪಾಪ, ಮಾರಿ ಕೆಂಪಾತು.
ನನ್ನ ಹಿಂದ ಪೆನ್ಶನ್ನಿಗೆ ನಿಂತ ಮುದುಕಿ,
ಹಲ್ಲಿಲ್ಲದಾಕಿ, ತಾನೂ ಮೆಲ್ಲಕ ಅಂದು ನೋಡಿದ್ಲು.
ಪಾಳಿ ಹಂಗ ನಿಂತಿತ್ತು.
ಅವಸರ ಮಾಡಲಿಲ್ಲ ನಾನು.

ಮೊನ್ನೆ ಅವ್ವನ ಟ್ರಂಕು ಬಿಸಲಿಗೆ ಇಟ್ಟೆ.
ತಳಕ್ಕ ಹಾಸಿತ್ತು ಆ ಬಾಂಡ್ ಪೇಪರ್,
ಡಾಂಬರ ಗುಳಿಗಿಯ ವಾಸನಿ, ಒಂದು ಮೂಲಿಗೆ ತುಕ್ಕು.
ಎರಡ ಸಾಲು. ಉಳಿದದ್ದೆಲ್ಲಾ ಖಾಲಿ:
‘ಲಾಳಿ ತಂದೆ ತೋಟಪ್ಪ ಕುರುಹಿನಶೆಟ್ಟಿ, ಸಾ: ಬೆಟಗೇರಿ,
ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ’