ಪಿನ್‌ಕೋಡ್ ೫೭೩೨೦೧

ಇಪ್ಪತ್ತೆರಡು ವರ್ಷ ಗದಗಿನ ಅಂಚೆ ಕಚೇರಿಯಲ್ಲಿ
ಕಾಗದಗಳನ್ನು ಗೂಡಿಗೆ ಎಸೆದವಳು ನಾನು.
ಐದು ಏಳು ಮೂರು ಅಂದರೆ ಎಡಗಡೆ, ಮೇಲಿನಿಂದ ನಾಲ್ಕನೆಯ ಗೂಡು,
ಅಂಚು ಮುರಿದದ್ದು.
ಹಾಸನ ಅಂದರೆ ನನಗೆ ಅಷ್ಟೇ.
ಎರಡು ದಿನ ರಜೆ ಹಾಕಿ
ಆ ಗೂಡಿನೊಳಗೆ ಇಳಿದು ನೋಡೋಣ ಅಂತ ಬಂದೆ.

ಬಸ್‌ಸ್ಟ್ಯಾಂಡಿನ ಹೊರಗೆ ಇಲಿಯಾಸನ ಓಮ್ನಿ.
"ಬೇಲೂರಾ ಮೇಡಂ, ಹಳೇಬೀಡಾ? ಎರಡೂ ಸೇರ್ಸಿ ಕಮ್ಮಿ ಮಾಡ್ಕೊಡ್ತೀನಿ."
"ಹಾಸನ ನೋಡಬೇಕ್ರೀ."
"ಹಾಸನದಲ್ಲಿ ಏನಿದೆ?"
ಹುಟ್ಟಿದೂರನ್ನು ಹಳಿದ ಹಾಗಿರಲಿಲ್ಲ,
ನಿಜಕ್ಕೂ ತಿಳಿಯಬೇಕೆಂದೇ ಕೇಳಿದ.

ಲಾಡ್ಜಿನ ಧರಣೇಶ ಇನ್ನೂ ಪಕ್ಕಾ:
"ಊಟಕ್ಕಾ? ಬಿ.ಎಂ. ರೋಡಲ್ಲಿ ಗೋಬಿ ಸಿಗುತ್ತೆ, ಪನೀರ್ ಸಿಗುತ್ತೆ,
ನಿಮ್ ಕಡೆ ಜೋಳದ ರೊಟ್ಟಿನೂ ಸಿಗುತ್ತೆ."
ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದದ್ದು
ಜೋಳದ ರೊಟ್ಟಿಗೇನೋ ತಮ್ಮಾ?
"ನೀ ಎಲ್ಲಿ ಉಣ್ತೀಯಪಾ?"
ಹುಡುಗನ ಕಿವಿ ಕೆಂಪಾಯಿತು.
"ನಾನಾ... ನಮ್ಮತ್ತೆ ಮೆಸ್ಸಲ್ಲಿ. ಬೋರ್ಡಿಲ್ಲ. ನಿಮಗೆ ಸರಿಹೋಗಲ್ಲ."

ಕಟ್ಟಿನಕೆರೆ ಮಾರ್ಕೆಟ್ಟು. ಮಣ್ಣು ಮೆತ್ತಿದ ಆಲೂಗಡ್ಡೆ,
ಮೊಣಕಾಲೆತ್ತರ ಅವರೆಕಾಯಿ,
ಅದರ ಹಿಂದೆ ಹಗ್ಗದಂಗಡಿ, ಹಗ್ಗದಂಗಡಿಯ ಹಿಂದೆ ಸಂದಿ,
ಸಂದಿಯಲ್ಲಿ ಹೊಲಿಗೆ ಮಷಿನ್ ರಿಪೇರಿಯವನು
ತಲೆಯಲ್ಲೇ ದಾರಿ ತೋರಿಸಿದ.
ಯಾವ ಲಕೋಟೆಯ ಮೇಲೂ ನಾನು ಓದಿರದ ವಿಳಾಸ.

"ಊಟ ಒಂದ್ ಗಂಟೆಗೆ" ಅಂದರು ಕೆಂಪಾಜಮ್ಮ.
ಆಗ ಹನ್ನೊಂದು. ಜನವರಿಯ ಬಿಸಿಲು ಇನ್ನೂ ಹೊಸಿಲು ದಾಟಿರಲಿಲ್ಲ.
ಅವರ ಮುಂದೆ ಒಂದು ಬೇಸಿನ್ ತುಂಬ ನೆನೆದ ಅವರೆಕಾಳು.
"ಸುಮ್ನೆ ಕೂತಿರೋ ಬದ್ಲು ಹಿತುಕು."
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ
ಸಿಪ್ಪೆ ಕೈಯಲ್ಲಿ, ಬೇಳೆ ಗೋಡೆಗೆ.
ಎರಡನೆಯದು ಬೆಕ್ಕಿಗೆ.
"ಕಾಗ್ದ ಎಸ್ಯೋ ಕೈ ಅಂತೀಯ, ಗುರಿನೇ ಇಲ್ವಲ್ಲೆ!"
ಅರ್ಧ ಬೇಸಿನ್ ಮುಗಿಯುವ ಹೊತ್ತಿಗೆ
ಬೀದಿಯ ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ,
ಚೀಟಿ ದುಡ್ಡು ಎತ್ತಿಕೊಂಡು ಅರಸೀಕೆರೆ ರೈಲು ಹತ್ತಿದವಳು ಯಾರು,
ಎಲ್ಲಾ ನನಗೆ ಗೊತ್ತಾಗಿತ್ತು.

ಒಂದಕ್ಕೆ ಮುದ್ದೆ ಬಂತು, ಸುತ್ತ ಹಿತಕಿದ ಬೇಳೆ ಸಾರು.
ರೊಟ್ಟಿ ಕಡಿದು ಬೆಳೆದ ಹಲ್ಲು. ಅಗಿದೆ.
ಇಡೀ ಮೆಸ್ಸು ಉಣ್ಣುವುದು ನಿಲ್ಲಿಸಿತು.
"ಅಗೀಬಾರ್ದು ಕಣಮ್ಮ!" ಪಕ್ಕದ ಲಾರಿ ಡ್ರೈವರ್ ಎದ್ದೇ ನಿಂತ,
"ಹಲ್ಲಿಗೆ ಗೊತ್ತಾಗ್ದಂಗೆ ನುಂಗ್ಬೇಕು."
ನುಂಗಿದೆ.
ಬಿಸಿ ಇಳಿಯುತ್ತ ಹೋದ ದಾರಿ ಎದೆಯೊಳಗೆ ಪೂರ್ತಿ ತಿಳಿಯಿತು,
ಎಲ್ಲಿ ತಡೆಯಿತು, ಎಲ್ಲಿ ಹೋಗಿ ಕೂತಿತು.

ಸಂಜೆ ಹಾಸನಾಂಬೆ ಗುಡಿ. ಬೀಗ.
"ವರ್ಷಕ್ಕೊಂದ್ಸಲ ತೆಗ್ಯೋದು, ದೀಪಾವಳಿ ಹೊತ್ಗೆ" ಅಂದಳು ಹೂವಿನವಳು,
ಒಳಗೆ ದೀಪ ಆರುವುದೇ ಇಲ್ಲವಂತೆ.
ಅಂಟಿಸಿದ ಲಕೋಟೆಯಲ್ಲಿ ಏನಿದೆ ಎಂದು
ಒಮ್ಮೆಯೂ ಕೇಳದೆ ಸಂಬಳ ತೆಗೆದುಕೊಂಡವಳಿಗೆ
ಬೀಗ ಹೊಸದಲ್ಲ.
ಹೊರಗಿನಿಂದಲೇ ಕೈಮುಗಿದು
ಎರಡು ಮೊಳ ಕನಕಾಂಬರ ಕೊಂಡೆ.

ಮರುದಿನ ಇಲಿಯಾಸ: "ಏನ್ ನೋಡಿದ್ರಿ?"
ಬೆರಳು ಮೂಗಿನ ಹತ್ತಿರ ಹಿಡಿದೆ.
"ಸೊಗಡು!" ಅಂದ, "ನಮ್ಮನೇಲೂ ಇವತ್ತು ಅದೇ."
ಬಸ್ಸು ಬರುವವರೆಗೆ ಬೇಲೂರಿನ ಮಾತೇ ಎತ್ತಲಿಲ್ಲ,
ಅವನ ಹೆಂಡತಿ ಅದಕ್ಕೆ ಕೈಮಾ ಹಾಕುವ ಬಗೆ ಹೇಳುತ್ತಿದ್ದ.

ಸೋಮವಾರ. ಅದೇ ಸ್ಟೂಲು, ಅದೇ ಗೂಡು.
ಒಂದು ಕಾರ್ಡು ನಾನೇ ಬರೆದೆ:
ಕೆಂಪಾಜಮ್ಮ, ಬೋರ್ಡಿಲ್ಲದ ಮೆಸ್ಸು,
ಹಗ್ಗದಂಗಡಿ ಹಿಂದಿನ ಸಂದಿ, ಹಾಸನ.
ಕೂತಲ್ಲಿಂದಲೇ ಎಸೆದೆ, ಗುರಿ ತಪ್ಪಲಿಲ್ಲ.
ಇನ್ನು ಅದು ಮುಟ್ಟುವುದೂ ಬಿಡುವುದೂ
ಅಲ್ಲಿಯ ಪೋಸ್ಟ್‌ಮ್ಯಾನ್
ಮಧ್ಯಾಹ್ನ ಎಲ್ಲಿ ಉಣ್ಣುತ್ತಾನೋ, ಅದರ ಮೇಲೆ.