ಇಪ್ಪತ್ತೇಳನೆಯ ವಾರ

ಕಾರಿನಡಿ ಹೊಕ್ಕ ಚೆಂಡು ತೆಗೆಯಲು ಬೋರಲು ಮಲಗಿದ್ದ
ಎದುರುಮನೆ ಜಬೀನಾಳ ಮಗ ಅಲ್ಲಿಂದಲೇ ಕೂಗಿದ:
“ಆಂಟೀ, ನಿಮ್ ಟೈರು ಒಡದೈತಿ.”

ಒಡೆಯುವುದು ಹೇಗೆ?
ಮೂರು ವರ್ಷದ ಕಾರು. ನಾಲ್ಕು ಸಾವಿರದ ನೂರಾ ಹನ್ನೆರಡು ಕಿಲೋಮೀಟರು.
ಹರಿಹರಕ್ಕೆ ಆರೇಳು ಸಲ, ಸೂಳೆಕೆರೆಗೆ ಒಂದು ಸಲ,
ಉಳಿದದ್ದೆಲ್ಲ ಹೈಸ್ಕೂಲ್ ಮೈದಾನದ ಸುತ್ತ,
ಡ್ರೈವಿಂಗ್ ಸ್ಕೂಲಿನ ಹಾಲಪ್ಪ ಪಕ್ಕದಲ್ಲಿ ಕೂತು
ಬ್ರೇಕಿಲ್ಲದ ಕಡೆ ಬ್ರೇಕು ತುಳಿಯುತ್ತಿದ್ದಾಗ.

ಸೆರಗು ಸಿಕ್ಕಿಸಿ ನಾನೂ ಬಗ್ಗಿದೆ.
ಹೌದು. ಟೈರಿನ ಪಕ್ಕೆಯುದ್ದಕ್ಕೂ ಕೂದಲೆಳೆಯ ಗೆರೆಗಳು,
ಮೂವತ್ತೊಂದು ವರ್ಷ ವಾರ್ಡಿನಲ್ಲಿ ನಿಂತ
ನನ್ನ ಹಿಮ್ಮಡಿಯ ಹಾಗೆ.
ನಡುವೆ ಮಾತ್ರ, ಅಚ್ಚಿನಿಂದ ಬಂದಾಗಿನ ರಬ್ಬರು ರೋಮ
ಇನ್ನೂ ಉದುರಿಲ್ಲ.
ಹುಟ್ಟುಗೂದಲು ತೆಗೆಸದ ಕೂಸಿಗೆ
ಮುದುಕಿಯ ಕೆನ್ನೆ.

ಪಿ.ಬಿ. ರಸ್ತೆಯ ಬುಡೇನ್ ಸಾಬರು
ಉಗುಳು ಹಚ್ಚಿದ ಹೆಬ್ಬೆರಳಲ್ಲಿ ಧೂಳು ಒರೆಸಿ
ನಾಲ್ಕಂಕಿ ತೋರಿಸಿದರು: ಎರಡು, ಏಳು, ಒಂದು, ಒಂಬತ್ತು.
“ಹತ್ತೊಂಬತ್ತನೇ ಇಸವಿ, ಇಪ್ಪತ್ತೇಳನೇ ವಾರ, ಸಿಸ್ಟರಮ್ಮ.
ನಿಮ್ ಗಾಡಿ ಹುಟ್ಟೋಕೆ ಮುಂಚೆ ಇವು ಹುಟ್ಯಾವೆ.
ಎಲ್ಲೋ ಗೋಡೌನಿನಾಗೆ ಬಿದ್ದಿದ್ವು,
ಆಮೇಲೆ ನಿಮ್ಮನೆ ಮುಂದೆ ಬಿಸಿಲಾಗೆ ನಿಂತ್ವು.
ಓಡೋ ಟೈರು ಸವಿತೈತೆ, ನಿಂತ ಟೈರು ಒಡಿತೈತೆ.
ಓಡಿದ್ರೆ ತಾನೆ ಒಳಗಿನ ಎಣ್ಣೆ ಮೈಗೆ ಬರೋದು?”

ನಾನು ಏನೂ ಅನ್ನಲಿಲ್ಲ.
ತಾರೀಖು ನೋಡದೆ ಒಂದು ಸೂಜಿಮದ್ದಿನ ಕತ್ತನ್ನೂ ಮುರಿದವಳಲ್ಲ ನಾನು.
ರಾತ್ರಿ ಮೂರರ ನಿದ್ದೆಗಣ್ಣಲ್ಲೂ ಟ್ಯೂಬ್‌ಲೈಟಿಗೆ ಹಿಡಿದು
ತಿಂಗಳು, ವರ್ಷ ಓದಿ,
ಅವಧಿ ಮೀರಿದ ಒಂದು ಪೆಟ್ಟಿಗೆ ಸಲೈನನ್ನು
ದೊಡ್ಡ ಡಾಕ್ಟರರ ಮೇಜಿನ ಮೇಲೇ ಇಟ್ಟು ಬಂದವಳು.
ಗ್ರಾಚ್ಯುಟಿ ದುಡ್ಡು ಎಣಿಸಿ ಕೊಟ್ಟ ದಿನ
ನೋಡಿದ್ದು ಏನು?
ಬಣ್ಣ. ಸೀಟಿನ ಮೇಲಿನ ಪ್ಲಾಸ್ಟಿಕ್ಕು. ರಿಬ್ಬನ್ನು.
ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟವಳು ನಾನೇ,
ಆ ಅಂಕಿಯಿಂದ ಗೇಣು ದೂರದಲ್ಲಿ.

ಷೋರೂಮಿನ ಹುಡುಗ ಫೋನಿನಲ್ಲಿ ಬಲು ಮರ್ಯಾದಸ್ಥ:
“ಟೈರು ನಮ್ಮದಲ್ಲ, ಮೇಡಂ, ಟೈರು ಕಂಪನಿಯದು.”
ಟೈರು ಕಂಪನಿಯ ಹುಡುಗಿ: “ಬಿಸಿಲು ನಮ್ಮದಲ್ಲ, ಮೇಡಂ.”
ಬಿಸಿಲು ಯಾರದು? ದಾವಣಗೆರೆಯದು.
ಮನೆ ಮುಂದೆ ಮರವಿಲ್ಲ, ಹಿಂದೆ ಮಂಡಕ್ಕಿ ಭಟ್ಟಿ.
ಒಂದು ಕಾಲಕ್ಕೆ ಆ ಒಲೆಗಳಿಗೆ ಹಳೇ ಟೈರೂ ಉರುವಲಾಗುತ್ತಿತ್ತಂತೆ;
ಒಣಹಾಕಿದ ಬಿಳಿ ಯೂನಿಫಾರ್ಮಿನ ಮೇಲೆ ಕರಿ ಚುಕ್ಕೆ ಕೂತಾಗ
ಬೈದುಕೊಂಡು ಮತ್ತೆ ಒಗೆದಿದ್ದೆ.
ಯಾವ ಊರು ಸುತ್ತಿ ಬಂದ ಟೈರೋ ಎಂದು
ಒಂದು ದಿನವೂ ಯೋಚಿಸಲಿಲ್ಲ.
ಅವಾದರೂ ಓಡಿದ್ದವು.

ನಾಲ್ಕು ಹೊಸವು ಬಂದವು. ಕನ್ನಡಕ ಏರಿಸಿ ಒಂದೊಂದನ್ನೂ ಓದಿದೆ.
ಬುಡೇನ್ ಸಾಬರು ನಕ್ಕರು;
ಒಂದನ್ನು ವಾಪಸು ಕಳಿಸಿದಾಗ ನಗು ನಿಲ್ಲಿಸಿದರು.
ಜೊತೆಗೆ ಬಂದಿದ್ದ ಜಬೀನಾಳ ಮಗ
ಹಳೆಯದೊಂದನ್ನು ಬೇಡಿ ಪಡೆದು
ಅಂಗೈಯಿಂದ ಬಾರಿಸುತ್ತ ಸರ್ವಿಸ್ ರಸ್ತೆಯಲ್ಲಿ ಓಡಿಸಿದ.
ನಾಲ್ಕು ಸಾವಿರದ ನೂರಾ ಹನ್ನೆರಡು, ಮತ್ತು ಚೂರು,
ಎಂದು ಲೆಕ್ಕ ಹಿಡಿದೆ.

ಐದನೆಯದಕ್ಕೆ ಆ ದಿನ ದುಡ್ಡು ಸಾಲಲಿಲ್ಲ.
ಡಿಕ್ಕಿಯಲ್ಲಿ, ಚಾಪೆಯಡಿ, ಸ್ಟೆಪ್ನಿ:
ಕಾಡಿಗೆಗಪ್ಪು, ಒಂದು ಗೆರೆಯಿಲ್ಲ,
ನೆಲ ಮುಟ್ಟಿಲ್ಲ, ನಿಂಬೆಹಣ್ಣು ಕಂಡಿಲ್ಲ.
ಬಗ್ಗಿ ಓದಿದೆ: ಎರಡು, ಏಳು, ಒಂದು, ಒಂಬತ್ತು.
“ಇದಕ್ಕೂ ಅಷ್ಟೇ ವಯಸ್ಸು,” ಅಂದರು ಸಾಬರು, “ಕಾಣಂಗಿಲ್ಲ, ಅಷ್ಟೆ.”
ಡಿಕ್ಕಿಯ ಬಾಗಿಲನ್ನು ಧಡ್ ಅನ್ನಿಸದೆ
ಎರಡೂ ಕೈಯಿಂದ ಒತ್ತಿ ಮುಚ್ಚಿದೆ,
ರಾತ್ರಿಪಾಳಿಯಲ್ಲಿ ವಾರ್ಡಿನದನ್ನು
ಮುಚ್ಚುತ್ತಿದ್ದ ಹಾಗೆ.