ಡಾಲರಿದ್ದ ಜಾಗದಲ್ಲಿ ಒಂದು ಳ

ಸೊಹಾರ್ ಬಂದರು, ಏಳನೇ ಗೇಟಿನ ಹಿಂದೆ
ಕಂಟೇನರ್ ಲೆಕ್ಕದ ಯಂತ್ರಗಳ ಕೋಣೆ.
ಹೊರಗೆ ನಡುರಾತ್ರಿಗೂ ಮೂವತ್ತನಾಲ್ಕು ಡಿಗ್ರಿ,
ಒಳಗೆ ನನಗೆ ಸ್ವೆಟರು.
ಕಪ್ಪು ಪರದೆಯ ಪ್ರತಿ ಸಾಲಿನ ಹೊಸ್ತಿಲಲ್ಲೂ
ಒಂದು ಡಾಲರ್ ಗುರುತು, ಏನಪ್ಪಣೆ ಅನ್ನುತ್ತ.

ಎಣಿಸುವುದು ರಿಯಾಲು, ಕಳಿಸುವುದು ರೂಪಾಯಿ,
ನಡುವೆ ಇದ್ಯಾವ ಡಾಲರು?
ಕಿತ್ತು ಹಾಕಿ ಅಲ್ಲಿ ಳ ಕೂರಿಸಿದೆ.
ಯಾಕೆ ಳ ಎಂದರೆ, ಈ ಬಂದರಿನಲ್ಲಿ
ಮಲಯಾಳಿಗಳನ್ನು ಬಿಟ್ಟರೆ
ಯಾರ ನಾಲಿಗೆಯೂ ಅಷ್ಟು ಹಿಂದಕ್ಕೆ ಮಡಚುವುದಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಅದು ಸುಖವಾಗಿಯೇ ಇತ್ತು.
ಸರ್ವರಿನೊಳಗೆ ಕಾಲಿಟ್ಟದ್ದೇ
ಳ ಹೋಗಿ ಮೂರು ಅಡಿಗೆರೆ
_ _ _
ನಾಲ್ಕನೇ ಕ್ಲಾಸಿನ ಪ್ರಶ್ನೆಪತ್ರಿಕೆಯ ಹಾಗೆ:
ಬಿಟ್ಟ ಸ್ಥಳ ತುಂಬಿರಿ.

ಇನ್ನೊಂದು ಕಿಟಕಿಯಲ್ಲಿ ಅಕ್ಷರ ಕಂಡಿತು, ಲೆಕ್ಕ ತಪ್ಪಿತು.
ಒಬ್ಬಳೇ ಕೂತ ಳ-ವನ್ನು ಮೂವರೆಂದು ಎಣಿಸಿ
ಕರ್ಸರನ್ನು ಎರಡು ಹೆಜ್ಜೆ ಆಚೆ ನಿಲ್ಲಿಸಿತ್ತು ಯಂತ್ರ.
ಉದ್ದ ಆಜ್ಞೆ ಬರೆದರೆ ಸಾಲು ಮಡಚಿ
ತನ್ನ ಮೇಲೆ ತಾನೇ ಬೀಳುತ್ತದೆ.
ಅಳಿಸಿದ್ದು ಕಾಣುತ್ತದೆ. ಕಂಡದ್ದು ಇರುವುದಿಲ್ಲ.

ಎರಡು ರಾತ್ರಿ ಫಾಂಟನ್ನು ಬೈದೆ.
ಮೂರನೇ ರಾತ್ರಿ, ಒಳಹೋಗುವಾಗ ಸರ್ರನೆ ಮೇಲೆ ಸರಿದುಹೋಗುವ
ಆ ಒಂದು ಎಚ್ಚರಿಕೆಯ ಸಾಲನ್ನು ನಿಲ್ಲಿಸಿ ಓದಿದೆ:
ನಾನು ಹೋದಲ್ಲಿಗೆಲ್ಲ ಲ್ಯಾಪ್‌ಟಾಪು
'ಇವಳದು ಕನ್ನಡ' ಎಂದು ಚೀಟಿ ಒಯ್ಯುತ್ತದಂತೆ,
'ಅಂಥದ್ದು ನಮ್ಮಲ್ಲಿ ಇಲ್ಲ' ಅನ್ನುತ್ತದಂತೆ ಸರ್ವರು,
ಆಮೇಲೆ ಒಂದಕ್ಷರದ ಭಾಷೆಗೆ ತಳ್ಳುತ್ತದೆ.
ಅದರ ಹೆಸರು ಸಿ.
ಯಾವ ತಾಯಿಯೂ ಮಗುವಿಗೆ ಆಡಿಲ್ಲದ್ದು.

ಆದರೆ ಇತ್ತು.
ಒಂದು ಫೈಲಿನಲ್ಲಿ ನೂರಾರು ಭಾಷೆ,
ಪ್ರತಿಯೊಂದರ ಮುಂದೂ ಹ್ಯಾಶಿನ ಅಗಳಿ.
ಗ್ರೀನ್‌ಲ್ಯಾಂಡ್, ಅದರ ಕೆಳಗೆ ಕಾಂಬೋಡಿಯಾ,
ಅದರ ಕೆಳಗೆ ನಾವು,
ನಮ್ಮ ಕೆಳಗಿನ ಮನೆಯಲ್ಲಿ ಕೊರಿಯಾ.
ಇಷ್ಟು ವರ್ಷ ನೆರೆಯವರು ಯಾರೆಂದು ಗೊತ್ತಿರಲಿಲ್ಲ.
ಅಗಳಿ ತೆಗೆದೆ.

ಖಲ್ಫಾನ್ ಎರಡು ಕಡಕ್ ಚಹಾ ಹಿಡಿದು ಬಂದ.
ಳ-ದ ಪಕ್ಕಕ್ಕೆ ಅಂಟಿ ಮಿಟುಕುವ ಕರ್ಸರ್ ನೋಡಿದ,
ಕೀಲಿಮಣೆ ಎಳೆದುಕೊಂಡು ಅರಬಿಯಲ್ಲಿ ತನ್ನ ಹೆಸರು ಬರೆದ.
ಕೈ ಕೈ ಹಿಡಿದು ಬರಬೇಕಾದ ಅಕ್ಷರಗಳು
ಬಿಡಿಬಿಡಿಯಾಗಿ, ಹಿಂದುಮುಂದಾಗಿ ನಿಂತವು.
'ನನ್ನಜ್ಜ ದೋಣಿ ಕಟ್ಟಿದ ತೀರ ಈ ಗೋಡೆಯಾಚೆಗೇ ಇದೆ,'
ಅಂದ. ಚಹಾ ಹೀರಿದ.
ಅದಕ್ಕೆ ನನ್ನ ಬಳಿ ಯಾವ ಅಗಳಿಯೂ ಇರಲಿಲ್ಲ.

ತಾರೀಖು ಕೇಳಿದೆ. ಯಂತ್ರ 'ಗುರುವಾರ' ಅಂದಿತು.
ಸ್ವೆಟರಿನೊಳಗೆ ಒಂದು ಥರ ಆಯಿತು, ನಿಜ ಹೇಳುತ್ತೇನೆ.
ಆದರೆ ನಾಲ್ಕು ಗಂಟೆಗೆ ನಾನೇ ಓಡಿಸಿದ ಹಡಗುಗಳ ಪಟ್ಟಿ
ಖಾಲಿ ಬಂತು.
ಹಳೆಯ ಸ್ಕ್ರಿಪ್ಟು ಇಂಗ್ಲಿಷಿನ ಮೂರಕ್ಷರದ ಗುರುವಾರವನ್ನು
ಹುಡುಕಿ ಹುಡುಕಿ ಕೈಬಿಟ್ಟಿತ್ತು.
ಹತ್ತೊಂಬತ್ತು ಹಡಗು ಸಮುದ್ರದಲ್ಲಿ,
ಕಾಗದದ ಮೇಲೆ ಒಂದೂ ಇಲ್ಲ.

ಹಾಗಾಗಿ ವಾರಗಳನ್ನು ಹಿಂತಿರುಗಿಸಿದೆ, ತಿಂಗಳುಗಳನ್ನೂ.
ಅಕ್ಷರ ಎಣಿಸುವ ಕೆಲಸವೊಂದು ಮಾತ್ರ
ಕನ್ನಡದ ಕೈಯಲ್ಲಿ ಉಳಿಯಿತು.
ಅದನ್ನು ಸರಿಯಾಗಿ ಮಾಡುತ್ತಿದೆ.

ಆರಕ್ಕೆ ಪಾಳಿ ಬದಲು.
ಮಿಲಾಗ್ರೊಸ್ ಕುರ್ಚಿ ಎತ್ತರಿಸಿ ಕೂತವಳು
ಪರದೆಗೆ ಬೆರಳಿಟ್ಟು ಕೇಳಿದಳು:
'ಏನಿದು, ಸುರುಳಿ ಸುತ್ತಿದ್ದು? ಹಾವಾ?'
ಸ್ವೆಟರು ಕಳಚುತ್ತ ಅಂದೆ:
'ಡಾಲರ್ ಅಂದುಕೋ.'